ಸುಂಕದ ಕಟ್ಟೆ ಹಿಡಿದವರ ಸಾಮ್ರಾಜ್ಯ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶ್ರೀಧರ,

"ಬ್ರಿಟಿಷರ ಹಾಗೆ ಅಮೆರಿಕ ಯಾವ ದೇಶ ಆಳಿತು ಮಾರಾಯ, ಅದನ್ನು ಸಾಮ್ರಾಜ್ಯ ಅಂತ ಯಾಕೆ ಕರೀತೀರಿ?" ಎಂದು ಕೇಳಿದ್ದೀಯ. ಆಳಲೇ ಇಲ್ಲ ಅನ್ನೋ ಹಾಗಿಲ್ಲ. ಫಿಲಿಪ್ಪೀನ್ಸಿಗೆ ಅವರಿಂದ ಸ್ವಾತಂತ್ರ್ಯ ಸಿಕ್ಕಿದ್ದು 1946ರಲ್ಲಿ. ಪೋರ್ಟೊ ರಿಕೊ, ಗುವಾಮ್ ಇವತ್ತಿಗೂ ಅವರ ಕೈಯಲ್ಲೇ ಇವೆ. ಆದರೂ ನಿನ್ನ ಅನುಮಾನದಲ್ಲಿ ಹುರುಳಿದೆ. ಒಪ್ಪಂದದಲ್ಲಿ ಒಂದು ಕಲಮು, ಬಂದರಿಗೊಂದು ಗುತ್ತಿಗೆ ಪತ್ರ, ಸುಂಕದ ಕಟ್ಟೆಯ ಬೀಗದ ಕೈ, ಇಷ್ಟಿದ್ದರೆ ಗವರ್ನರ್ ಜನರಲ್ ಬೇಕಿಲ್ಲ ಎಂದು ಅಮೆರಿಕನ್ನರು ಬೇಗ ಕಂಡುಕೊಂಡರು. ಅದು ಹೇಗೆ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಕಲ್ಲಿದ್ದಲು. ಆಗಿನ ಯುದ್ಧನೌಕೆ ಹಬೆಯಲ್ಲಿ ಓಡುತ್ತಿತ್ತು, ದಾರಿಯಲ್ಲಿ ಇದ್ದಲು ತುಂಬಿಸಿಕೊಳ್ಳದೆ ಸಾಗರ ದಾಟುವುದು ಕಷ್ಟ. ಯುದ್ಧ ಶುರುವಾದ ಮೇಲೆ ತಟಸ್ಥ ದೇಶದ ಬಂದರಿನಲ್ಲಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ, ಬೇಕಾದಷ್ಟು ಇದ್ದಲು ಕೊಳ್ಳುವಂತೆಯೂ ಇಲ್ಲ. 1898ರಲ್ಲಿ ಸ್ಪೇನಿನ ಜೊತೆ ಯುದ್ಧಕ್ಕಿಳಿದಾಗ ಅಮೆರಿಕದ ಅಡ್ಮಿರಲ್ ಡ್ಯೂಯಿಗೆ ಆದದ್ದು ಇದೇ. ಆಗ ಅವನಿನ್ನೂ ಕಮೊಡೋರ್, ಹಾಂಗ್‌ಕಾಂಗ್‌ನಲ್ಲಿ ಲಂಗರು ಹಾಕಿದ್ದ. ಬ್ರಿಟನ್ ತಟಸ್ಥ ಎಂದು ಘೋಷಿಸಿದ ಕೂಡಲೇ ಜಾಗ ಖಾಲಿ ಮಾಡಬೇಕಾಯಿತು. ಹೀಗಾಗುತ್ತದೆಂದು ಗೊತ್ತಿದ್ದ ಅವನು ಮುಂಚೆಯೇ ನಾನ್‌ಶಾನ್ ಎಂಬ ಇದ್ದಲು ಹಡಗನ್ನು ಸರಕಿನ ಸಮೇತ ಖರೀದಿಸಿ ಇಟ್ಟುಕೊಂಡಿದ್ದ. ಮೇ 1ರಂದು ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಪಡೆಯನ್ನು ಮುಳುಗಿಸಿದ್ದು ಎಲ್ಲರಿಗೂ ಗೊತ್ತು. ಆ ಇದ್ದಲಿನ ವ್ಯವಹಾರ ಯಾರೂ ಹೇಳುವುದಿಲ್ಲ. ದೂರದ ದ್ವೀಪಗಳಲ್ಲಿ ಸ್ವಂತ ಇದ್ದಲು ಠಾಣೆಗಳು ಬೇಕು ಎಂದು ನೌಕಾಪಡೆಯ ಮಾಹನ್ 1890ರಿಂದಲೇ ಬರೆಯುತ್ತಿದ್ದದ್ದು ಈ ಕಾರಣಕ್ಕೆ.

ಹವಾಯಿಯಲ್ಲಿ ಇದರ ಜೊತೆ ಸಕ್ಕರೆಯೂ ಸೇರಿತ್ತು. 1875ರ ಒಪ್ಪಂದದಿಂದ ಅಲ್ಲಿನ ಸಕ್ಕರೆ ಅಮೆರಿಕಕ್ಕೆ ಸುಂಕವಿಲ್ಲದೆ ಬರುತ್ತಿತ್ತು. 1890ರ ಮೆಕಿನ್ಲಿ ಸುಂಕ ಕಾಯ್ದೆ ಎಲ್ಲ ದೇಶಗಳ ಕಚ್ಚಾ ಸಕ್ಕರೆಗೂ ಸುಂಕ ತೆಗೆಯಿತು, ಅಮೆರಿಕದೊಳಗೆ ತಯಾರಾದ ಸಕ್ಕರೆಗೆ ಮಾತ್ರ ಪೌಂಡಿಗೆ 2 ಸೆಂಟ್ ಸಹಾಯಧನ ಕೊಟ್ಟಿತು. ಹವಾಯಿಗಿದ್ದ ಅನುಕೂಲ ಹೋಯಿತು. ದೇಶವನ್ನೇ ಅಮೆರಿಕಕ್ಕೆ ಸೇರಿಸಿಬಿಟ್ಟರೆ ಆ 2 ಸೆಂಟ್ ತಮಗೂ ಬರುತ್ತದೆ ಎಂಬುದು ಕೆಲವು ತೋಟದ ಮಾಲೀಕರ ಲೆಕ್ಕ. 1893ರ ಜನವರಿಯಲ್ಲಿ ಬೋಸ್ಟನ್ ಎಂಬ ಯುದ್ಧನೌಕೆಯಿಂದ 162 ಮಂದಿ ಇಳಿದರು, ರಾಣಿ ಲಿಲಿಯುಒಕಲಾನಿ ಪಟ್ಟ ಬಿಟ್ಟರು. ಆದರೆ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ವಿಲೀನಕ್ಕೆ ಒಪ್ಪಲಿಲ್ಲ. 1897ರಲ್ಲಿ ಮತ್ತೆ ವಿಲೀನದ ಒಪ್ಪಂದ ಬಂದಾಗ 21,000ಕ್ಕೂ ಹೆಚ್ಚು ಹವಾಯಿಯನ್ನರು ಬೇಡ ಎಂದು ಸಹಿ ಹಾಕಿದ ಅರ್ಜಿ ವಾಷಿಂಗ್ಟನ್ ತಲುಪಿತು. ಒಪ್ಪಂದಕ್ಕೆ ಅಲ್ಲಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, ಅಷ್ಟು ಕೂಡಿಬರಲಿಲ್ಲ. 1898ರ ಜುಲೈನಲ್ಲಿ, ಯುದ್ಧದ ಗದ್ದಲದ ನಡುವೆ, ಅದೇ ಕೆಲಸವನ್ನು ಎರಡೂ ಸದನಗಳ ಜಂಟಿ ನಿರ್ಣಯದಿಂದ ಮುಗಿಸಿದರು. ಅದಕ್ಕೆ ಸಾಮಾನ್ಯ ಬಹುಮತ ಸಾಕು.

ಫಿಲಿಪ್ಪೀನ್ಸ್ ಮಾತ್ರ ದುಬಾರಿಯಾಯಿತು. ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟು ಬರೆಸಿಕೊಂಡರು. ಆ ಹೊತ್ತಿಗೆ ಫಿಲಿಪಿನೊ ಬಂಡಾಯದ ನಾಯಕ ಅಗಿನಾಲ್ಡೊನ ಪಡೆ ಮನಿಲಾ ನಗರ ಬಿಟ್ಟು ಲುಝಾನ್ ದ್ವೀಪದ ಹೆಚ್ಚಿನ ಭಾಗವನ್ನು ಸ್ಪೇನಿನಿಂದ ಕಿತ್ತುಕೊಂಡಾಗಿತ್ತು, ಅಂದರೆ ಸ್ಪೇನ್ ತನ್ನ ಕೈಯಲ್ಲಿ ಇಲ್ಲದ್ದನ್ನೇ ಮಾರಿತ್ತು. 1899ರ ಫೆಬ್ರವರಿ 6ರಂದು ಸೆನೆಟ್ 57–27ರಿಂದ ಒಪ್ಪಿತು. ಬೇಕಿದ್ದದ್ದಕ್ಕಿಂತ ಒಂದೇ ಮತ ಹೆಚ್ಚು. ಎರಡು ದಿನ ಮೊದಲೇ ಮನಿಲಾದ ಹೊರವಲಯದಲ್ಲಿ ಗುಂಡು ಹಾರಿಯಾಗಿತ್ತು. ಮುಂದಿನ ಮೂರು ವರ್ಷದಲ್ಲಿ 4,200ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು, ಸುಮಾರು 20,000 ಫಿಲಿಪಿನೊ ಹೋರಾಟಗಾರರು ಸತ್ತರು; ಹಿಂಸೆ, ಬರ, ಕಾಲರಾಗಳಿಗೆ ಬಲಿಯಾದ ಸಾಮಾನ್ಯ ಜನರ ಲೆಕ್ಕ 2 ಲಕ್ಷದಷ್ಟು. ಕೈದಿಗಳ ಬಾಯಿಗೆ ನೀರು ಸುರಿದು ಹಿಂಸಿಸಿದ ವಿಚಾರ 1902ರಲ್ಲಿ ಸೆನೆಟ್ ಸಮಿತಿಯ ಮುಂದೆಯೇ ಬಂತು. ಇದಾದ ಮೇಲೆ ಇಂಥ ದೊಡ್ಡ ನಾಡೊಂದನ್ನು ಹಾಗೆ ನುಂಗುವ ಗೋಜಿಗೆ ಅವರು ಹೋಗಲಿಲ್ಲ.

ಗೆದ್ದ ದ್ವೀಪಗಳ ಜನರಿಗೆ ಅಮೆರಿಕದ ಸಂವಿಧಾನ ಅನ್ವಯಿಸುತ್ತದೆಯೇ ಎಂಬ ದೊಡ್ಡ ಪ್ರಶ್ನೆ ತೀರ್ಮಾನವಾದದ್ದು ಕಿತ್ತಳೆ ಹಣ್ಣಿನ ಕೇಸಿನಲ್ಲಿ. ಪೋರ್ಟೊ ರಿಕೊದಿಂದ ನ್ಯೂಯಾರ್ಕ್‌ಗೆ ಬಂದ ಕಿತ್ತಳೆಗೆ 659 ಡಾಲರ್ 35 ಸೆಂಟ್ ಸುಂಕ ಹಾಕಿದರು. ದ್ವೀಪ ಅಮೆರಿಕದ್ದೇ ಆದರೆ ಸುಂಕ ಏಕೆ ಎಂದು ವ್ಯಾಪಾರಿ ಕೋರ್ಟಿಗೆ ಹೋದ. 1901ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಅವನ ವಿರುದ್ಧ ತೀರ್ಪು ಕೊಟ್ಟಿತು: ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ. ಪೋರ್ಟೊ ರಿಕೊದಲ್ಲಿ ನೆಲೆಸಿದವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಇಂದಿಗೂ ಮತವಿಲ್ಲ.

ಈಗ ಕ್ಯೂಬಾ. ಅದೂ ಸ್ಪೇನಿನ ವಸಾಹತು. ಯುದ್ಧಕ್ಕೆ ಮುಂಚೆಯೇ ಕ್ಯೂಬಾವನ್ನು ಇಟ್ಟುಕೊಳ್ಳುವುದಿಲ್ಲ ಎಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾತು ಕೊಟ್ಟಿತ್ತು, ಹಾಗಾಗಿ ಬೇರೆ ದಾರಿ ಹುಡುಕಬೇಕಾಯಿತು. 1901ರ ಸೇನಾ ವೆಚ್ಚದ ಮಸೂದೆಗೆ ಪ್ಲಾಟ್ ತಿದ್ದುಪಡಿ ಎಂಬ ಎಂಟು ಕಲಮುಗಳ ಬಾಲ ಕಟ್ಟಿದರು. ಎರಡನೆಯದು, ಕ್ಯೂಬಾ ತೀರಿಸಲಾಗದಷ್ಟು ಸಾಲ ಮಾಡಬಾರದು. ಮೂರನೆಯದು, ಅಲ್ಲಿ ಸರಿಯಾದ ಸರ್ಕಾರ ಇಲ್ಲವೆನಿಸಿದರೆ ಅಮೆರಿಕ ಮಧ್ಯೆ ಪ್ರವೇಶಿಸಬಹುದು. ಏಳನೆಯದು, ಇದ್ದಲು ಠಾಣೆಗೆ ಜಾಗ ಕೊಡಬೇಕು. ಇದನ್ನು ನಿಮ್ಮ ಸಂವಿಧಾನಕ್ಕೆ ಸೇರಿಸಿಕೊಳ್ಳುವವರೆಗೆ ಸೇನೆ ಹೊರಡುವುದಿಲ್ಲ ಎಂದರು. ಕ್ಯೂಬಾದ ಸಂವಿಧಾನ ಸಭೆ 16–11ರಿಂದ ತಲೆಬಾಗಿತು. ನಮಗೆ ಇದು ಹೊಸದೇನಲ್ಲ ನೋಡು: 1799ರಲ್ಲಿ ಮೈಸೂರಿನ ಜೊತೆ ಕಂಪನಿ ಮಾಡಿಕೊಂಡ ಒಪ್ಪಂದದಲ್ಲೂ ಇಂಥದೇ ಕಲಮು ಇತ್ತು, 1831ರಲ್ಲಿ ಬೆಂಟಿಂಕ್ ಅದನ್ನೇ ತೋರಿಸಿ ಆಡಳಿತ ಕಿತ್ತುಕೊಂಡ. ಮೂರನೇ ಕಲಮು ಹಿಡಿದು 1906ರಲ್ಲಿ ಅಮೆರಿಕ ಮತ್ತೆ ಕ್ಯೂಬಾಕ್ಕೆ ಬಂದು 1909ರವರೆಗೆ ಆಳಿತು. ಏಳನೆಯದರಿಂದ ಬಂದದ್ದು ಗ್ವಾಂಟನಾಮೊ ನೌಕಾನೆಲೆ. 1903ರ ಗುತ್ತಿಗೆಗೆ ವರ್ಷಕ್ಕೆ 2,000 ಡಾಲರ್ ಚಿನ್ನದ ನಾಣ್ಯದ ಬಾಡಿಗೆ. ಪ್ಲಾಟ್ ತಿದ್ದುಪಡಿಯನ್ನು 1934ರಲ್ಲಿ ಕೈಬಿಟ್ಟರು, ಗುತ್ತಿಗೆಯನ್ನು ಬಿಡಲಿಲ್ಲ: ಇಬ್ಬರೂ ಒಪ್ಪಿದರೆ ಮಾತ್ರ, ಇಲ್ಲವೇ ಅಮೆರಿಕ ತಾನಾಗಿ ಬಿಟ್ಟುಹೋದರೆ ಮಾತ್ರ ಅದು ರದ್ದಾಗುತ್ತದೆ ಎಂದು ಹೊಸ ಒಪ್ಪಂದದಲ್ಲಿ ಬರೆದರು. ಅದಕ್ಕೇ ಕ್ಯಾಸ್ಟ್ರೊಗೂ ಅದನ್ನು ಬಿಡಿಸಿಕೊಳ್ಳಲು ಆಗಲಿಲ್ಲ.

ಪನಾಮದ ಕಥೆ ಕೇಳಿದರೆ ನಿನಗೆ ನಗು ಬರುತ್ತದೆ. ಆಗ ಪನಾಮ ಕೊಲಂಬಿಯಾದ ಭಾಗ. ಕಾಲುವೆಗೆಂದು 1 ಕೋಟಿ ಡಾಲರ್, ಮೇಲೆ ವರ್ಷಕ್ಕೆ 2.5 ಲಕ್ಷ ಕೊಡುವ ಒಪ್ಪಂದವನ್ನು ಕೊಲಂಬಿಯಾದ ಸೆನೆಟ್ 1903ರ ಆಗಸ್ಟ್‌ನಲ್ಲಿ ತಿರಸ್ಕರಿಸಿತು. ನವೆಂಬರ್ 3ರ ಬೆಳಿಗ್ಗೆ, ಪನಾಮವನ್ನು ಬೇರೆ ಮಾಡಲು ಹೊರಟವರ ದಂಗೆ ತಡೆಯಲು ಕೊಲಂಬಿಯಾದ ಸುಮಾರು 500 ಸೈನಿಕರು ಕೊಲೋನ್ ಬಂದರಿನಲ್ಲಿ ಇಳಿದರು. ಪನಾಮ ನಗರ ಇರುವುದು ರೈಲು ಹಳಿಯ ಆ ತುದಿಗೆ, ಸುಮಾರು 77 ಕಿಲೋಮೀಟರ್. ರೈಲ್ವೆಯ ಸೂಪರಿಂಟೆಂಡೆಂಟ್ ಷೇಲರ್ ಎಂಬ ಅಮೆರಿಕನ್ನನಿಗೆ ಒಳಗಿನ ಸಂಚೆಲ್ಲ ಗೊತ್ತು. ಅವನು ಸೇನಾಧಿಕಾರಿಗಳನ್ನು ಮರ್ಯಾದೆಯಿಂದ ವಿಶೇಷ ಬೋಗಿಗೆ ಹತ್ತಿಸಿ ಮುಂದೆ ಕಳಿಸಿಬಿಟ್ಟ. ಸೈನಿಕರಿಗೆ ಬೋಗಿ ಇಲ್ಲ ಎಂದ. ಆಮೇಲೆ ಟಿಕೆಟ್ ದುಡ್ಡಿನ ತಕರಾರು ತೆಗೆದ. ಅತ್ತ ಸೇನಾಪತಿಗಳು ಪನಾಮ ನಗರದಲ್ಲಿ ಇಳಿದು ಸ್ವಲ್ಪ ಹೊತ್ತಿಗೆ ಅಲ್ಲಿನ ದಳವೇ ಅವರನ್ನು ಬಂಧಿಸಿತು. ಇತ್ತ ಉಳಿದ ಕರ್ನಲ್ 8,000 ಡಾಲರ್ ತೆಗೆದುಕೊಂಡು ತನ್ನ ಜನರ ಜೊತೆ ಹಡಗು ಹತ್ತಿದ. ದಡದಲ್ಲಿ ನ್ಯಾಶ್‌ವಿಲ್ ಎಂಬ ಅಮೆರಿಕನ್ ನೌಕೆ ಕಾದು ನಿಂತಿತ್ತು. ಹಾಗೆ ನಿಲ್ಲಲು ಅವರಿಗೆ ಹಕ್ಕು ಕೊಟ್ಟದ್ದು 1846ರ ಒಪ್ಪಂದ: ಈ ದಾರಿಯನ್ನೂ ಅದರ ಮೇಲಿನ ಕೊಲಂಬಿಯಾದ ಒಡೆತನವನ್ನೂ ಕಾಯುತ್ತೇವೆ ಎಂದು ಅಮೆರಿಕ ಬರೆದುಕೊಟ್ಟಿದ್ದ ಕಾಗದ! ಮೂರೇ ದಿನದಲ್ಲಿ ಹೊಸ ದೇಶಕ್ಕೆ ಮಾನ್ಯತೆ ಸಿಕ್ಕಿತು, ನವೆಂಬರ್ 18ರಂದು ಒಬ್ಬ ಫ್ರೆಂಚ್ ಎಂಜಿನಿಯರ್ ಪನಾಮದ ಪರವಾಗಿ ಕಾಲುವೆಯ ಒಪ್ಪಂದಕ್ಕೆ ಸಹಿ ಹಾಕಿದ. ಪನಾಮದ ಪ್ರತಿನಿಧಿಗಳು ವಾಷಿಂಗ್ಟನ್ ಮುಟ್ಟುವಷ್ಟರಲ್ಲಿ ಶಾಯಿ ಒಣಗಿತ್ತು.

ನನ್ನ ಪ್ರಕಾರ ಅಸಲಿ ವಿಧಾನ ಪೂರ್ತಿಯಾಗಿ ಕಾಣಿಸುವುದು ಡೊಮಿನಿಕನ್ ಗಣರಾಜ್ಯದಲ್ಲಿ. ಆ ದೇಶ ಯುರೋಪಿನವರಿಗೂ ಅಮೆರಿಕನ್ನರಿಗೂ 3 ಕೋಟಿ ಡಾಲರಿಗೂ ಮೀರಿ ಸಾಲ ತೀರಿಸಬೇಕಿತ್ತು. ಸಾಲ ವಸೂಲಿಗೆ ಯುರೋಪಿನ ಹಡಗುಗಳು ಬಂದರೆ ಎಂಬ ಭಯ ಥಿಯೋಡರ್ ರೂಸ್‌ವೆಲ್ಟ್‌ಗೆ. 1902ರಲ್ಲಿ ವೆನೆಜುವೆಲಾಕ್ಕೆ ಬಂದಿದ್ದವು. ಹಾಗಂತ ದ್ವೀಪವನ್ನು ಸೇರಿಸಿಕೊಳ್ಳುತ್ತೀರಾ ಎಂದರೆ, ಹೊಟ್ಟೆ ಬಿರಿಯೆ ತಿಂದ ಹೆಬ್ಬಾವಿಗೆ ಮುಳ್ಳುಹಂದಿಯನ್ನು ಹಿಂದುಗಡೆಯಿಂದ ನುಂಗಲು ಎಷ್ಟು ಆಸೆಯೋ ನನಗೂ ಅಷ್ಟೇ ಎಂದಿದ್ದ. 1905ರಲ್ಲಿ ಅಲ್ಲಿನ ಸುಂಕದ ಕಟ್ಟೆಗಳಿಗೆ ಅಮೆರಿಕದ ಅಧ್ಯಕ್ಷ ಸೂಚಿಸಿದ ಅಧಿಕಾರಿ ಬಂದ. ವಸೂಲಾದ ಪ್ರತಿ 100 ಡಾಲರಿನಲ್ಲಿ 45 ಅಲ್ಲಿನ ಸರ್ಕಾರಕ್ಕೆ, 55 ಸಾಲ ಕೊಟ್ಟವರ ಲೆಕ್ಕಕ್ಕೆ ನ್ಯೂಯಾರ್ಕಿನ ಬ್ಯಾಂಕಿಗೆ. ಸೆನೆಟ್ ಈ ಒಪ್ಪಂದವನ್ನು ತಡೆಹಿಡಿದಾಗ ರೂಸ್‌ವೆಲ್ಟ್ ಅದನ್ನು ತಾತ್ಕಾಲಿಕ ಏರ್ಪಾಡು ಎಂದು ಕರೆದು ನಡೆಸಿಯೇಬಿಟ್ಟ.

ಸುಂಕದ ಕಟ್ಟೆಯೇ ಯಾಕೆ? ಸರ್ಕಾರದ ಆದಾಯವೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಬರುತ್ತಿತ್ತು. ದಂಗೆ ಏಳುವವನು ಮೊದಲು ಪುಯೆರ್ತೊ ಪ್ಲಾತಾದಂಥ ಬಂದರಿನ ಗಲ್ಲಾ ಹಿಡಿಯುತ್ತಿದ್ದ. ಆ ದುಡ್ಡಿನಲ್ಲಿ ಬಂದೂಕು, ಸಂಬಳ ಎರಡೂ ಆಗುತ್ತಿತ್ತು. ಗಲ್ಲಾ ವಿದೇಶಿಯ ಕೈಗೆ ಹೋದರೆ ದಂಗೆಗೆ ಬಂಡವಾಳವಿಲ್ಲ. ಲೆಕ್ಕ ಸರಿಯಾಗಿತ್ತು, ಕೆಲವು ವರ್ಷ ನಡೆಯಿತು ಕೂಡ: ಕಳ್ಳಸಾಗಣೆ ತಗ್ಗಿತು, ವಸೂಲಿ ಏರಿತು. ಕೆಟ್ಟದ್ದು 1907ರ ಒಪ್ಪಂದದ ಮೂರನೇ ಕಲಮಿನಿಂದ. ಹಳೆ ಸಾಲ ತೀರುವವರೆಗೆ ಅಮೆರಿಕದ ಒಪ್ಪಿಗೆ ಇಲ್ಲದೆ ಹೊಸ ಸಾಲ ಮಾಡಕೂಡದು ಎಂದಿತ್ತು. 1911ರಲ್ಲಿ ಅಧ್ಯಕ್ಷ ಕಾಸೆರೆಸ್ ಕೊಲೆಯಾದ, ಒಳಜಗಳ ಹೆಚ್ಚಿತು. ಸುಂಕದ ಗಲ್ಲಾ ಬೇರೆಯವರ ಕೈಯಲ್ಲಿ, ಸೈನಿಕರಿಗೆ ಸಂಬಳ ಕೊಡಬೇಕು, ಸರ್ಕಾರ ಊರೊಳಗೇ ಕೈಸಾಲ ಮಾಡಿತು. ಅದನ್ನೇ ಮೂರನೇ ಕಲಮಿನ ಉಲ್ಲಂಘನೆ ಎಂದು ತೋರಿಸಿ 1916ರ ನವೆಂಬರ್‌ನಲ್ಲಿ ಅಮೆರಿಕದ ನೌಕಾಧಿಕಾರಿ ನ್ಯಾಪ್ ಸೇನಾಡಳಿತ ಘೋಷಿಸಿದ. ಎಂಟು ವರ್ಷ ಆಳಿದರು. ಹೋಗುವ ಮುಂಚೆ ರಾಜಕೀಯಕ್ಕೆ ಸೇರದ ಪಡೆ ಇರಲಿ ಎಂದು ಸ್ಥಳೀಯರನ್ನು ತರಬೇತು ಮಾಡಿದರು. ಹಾಗೆ ತರಬೇತಾದವರಲ್ಲಿ ಒಬ್ಬ ರಫಾಯೆಲ್ ತ್ರುಹಿಯೊ. 1930ರಲ್ಲಿ ಅಧಿಕಾರ ಹಿಡಿದು 1961ರಲ್ಲಿ ಗುಂಡಿಗೆ ಬಲಿಯಾಗುವವರೆಗೆ ದೇಶವನ್ನು ಅಂಗೈಯಲ್ಲಿಟ್ಟುಕೊಂಡ.

ನೀನು ಓದುವುದಾದರೆ ಯುದ್ಧಗಳಿಂದ ಶುರುಮಾಡಬೇಡ. ಪ್ಲಾಟ್ ತಿದ್ದುಪಡಿಯ ಎಂಟು ಕಲಮು ಒಂದೇ ಪುಟ, ಅದನ್ನು ಮೊದಲು ಓದು. ಆಮೇಲೆ 1907ರ ಡೊಮಿನಿಕನ್ ಒಪ್ಪಂದ. ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲದ ಬಗ್ಗೆ ಏನು ಬರೆದಿದ್ದಾರೆ ಎಂಬುದನ್ನಷ್ಟೇ ಗಮನಿಸು. ಅದು ಗೊತ್ತಾದರೆ 1915ರಲ್ಲಿ ಹೈಟಿಗೆ ಯಾಕೆ ಹೋದರು, ನಿಕರಾಗುವಾದಲ್ಲಿ ಸುಂಕದ ಅಧಿಕಾರಿ ಯಾಕೆ ಕೂತ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಿ ನಿನ್ನ ಗೆಳೆಯ