ಸರ್ವರ್ ಕಾವಲಿಗೆ ಎರವಲು ನಿಯಮ ಸಾಲದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಮ್ಮ ಭಾಗದ ಸಕ್ಕರೆ ಕಾರ್ಖಾನೆ, ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಆಸ್ಪತ್ರೆ ಯಾವುದೂ ಈಗ ಸರ್ವರ್ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ರೈತರ ಕಬ್ಬಿನ ತೂಕ, ಬಿಲ್ಲಿನ ಲೆಕ್ಕ, ಠೇವಣಿದಾರರ ಖಾತೆ ಎಲ್ಲವೂ ಅದರಲ್ಲೇ ಇವೆ. ಅವುಗಳ ಕಾವಲಿಗೆಂದು ಆಡಳಿತ ಮಂಡಳಿಗಳು ಭದ್ರತಾ ತಂತ್ರಾಂಶಕ್ಕೆ ಹಣ ಮಂಜೂರು ಮಾಡುತ್ತಿರುವುದು ಸಮಾಧಾನದ ಸಂಗತಿ. ಆದರೆ ಆ ತಂತ್ರಾಂಶವು ಯಾವ ಚಟುವಟಿಕೆಯನ್ನು ಅನುಮಾನಾಸ್ಪದವೆಂದು ಗುರುತಿಸಬೇಕು, ಆ ನಿಯಮಗಳನ್ನು ಬರೆಯುವವರು ಯಾರು ಎಂದು ಸಭೆಯಲ್ಲಿ ಕೇಳಿದವರನ್ನು ನಾನು ಕಂಡಿಲ್ಲ. ಬಾಗಲಕೋಟೆ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ಸರ್ವರ್ ನೋಡಿಕೊಳ್ಳುವ ನೌಕರನಾಗಿ ಈ ವಿಷಯದಲ್ಲಿ ಕೆಲವು ಮಾತು ಹೇಳಬಯಸುತ್ತೇನೆ.

ಸರ್ವರ್ ತನ್ನಲ್ಲಿ ನಡೆದುದನ್ನೆಲ್ಲ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ಲಾಗಿನ್ ವಿಫಲವಾದರೆ 4625, ಯಶಸ್ವಿಯಾದರೆ 4624, ಹೊಸ ಬಳಕೆದಾರನ ಖಾತೆ ತೆರೆದರೆ 4720, ಭದ್ರತಾ ಲಾಗನ್ನೇ ಅಳಿಸಿದರೆ 1102 ಎಂಬ ಸಂಖ್ಯೆಯ ದಾಖಲೆ ಬೀಳುತ್ತದೆ. ಪತ್ತೆ ನಿಯಮವೆಂದರೆ ಈ ದಾಖಲೆಗಳ ಮೇಲೆ ನಾವು ಹಾಕುವ ಒಂದು ಷರತ್ತು. ‘ಹತ್ತು ನಿಮಿಷದೊಳಗೆ ಒಂದೇ ಕಂಪ್ಯೂಟರಿನಿಂದ ಹತ್ತು ಬಾರಿ 4625 ಬಂದು, ಅದರ ಬೆನ್ನಿಗೇ ಅಲ್ಲಿಂದಲೇ 4624 ಬಂದರೆ ತಿಳಿಸು’ ಎಂಬುದು ಅಂಥದೊಂದು ನಿಯಮ. ಯಾರೋ ಪಾಸ್‌ವರ್ಡ್ ಊಹಿಸುತ್ತ ಹೋಗಿ ಕೊನೆಗೆ ಒಳಗೆ ಬಂದಿರಬಹುದು ಎಂಬುದು ಅದರ ಅರ್ಥ. ವೆಬ್ ಸೇವೆ ನಡೆಸುವ ಪ್ರೋಗ್ರಾಮ್ ಇದ್ದಕ್ಕಿದ್ದಂತೆ ಯಂತ್ರಕ್ಕೆ ನೇರ ಆದೇಶ ಕೊಡುವ ಕಮಾಂಡ್ ಪ್ರಾಂಪ್ಟ್ ಕಿಟಕಿಯನ್ನು ತೆರೆದರೆ ತಿಳಿಸು ಎಂಬುದು ಇನ್ನೊಂದು. ಇಂಥ ಸಾವಿರಾರು ನಿಯಮಗಳು ಸಿಗ್ಮಾ ಎಂಬ ಮುಕ್ತ ಮಾದರಿಯಲ್ಲಿ ಉಚಿತವಾಗಿಯೇ ಸಿಗುತ್ತವೆ. ದಾಳಿಕೋರರು ಬಳಸುವ ತಂತ್ರಗಳನ್ನು ಅಮೆರಿಕದ ಮೈಟರ್ ಸಂಸ್ಥೆ ವರ್ಗೀಕರಿಸಿ ಎಲ್ಲರಿಗೂ ಮುಕ್ತವಾಗಿಟ್ಟಿದೆ. ಆದ್ದರಿಂದ ನಮಗಿರುವ ಕೊರತೆ ನಿಯಮಗಳದ್ದಲ್ಲ. ಹೊರಗಿನಿಂದ ಬಂದ ನಿಯಮವನ್ನು ನಮ್ಮ ಸರ್ವರ್‌ನ ದಿನನಿತ್ಯದ ನಡವಳಿಕೆಗೆ ಹೊಂದಿಸುವವರಿಲ್ಲ ಎಂಬುದೇ ತೊಂದರೆ.

ನಮಗೆ ತಂತ್ರಾಂಶ ಒದಗಿಸಿದವರು ಕೊಟ್ಟ ನಿಯಮಗಳಲ್ಲಿ, ರಾತ್ರಿ ಎಂಟರಿಂದ ಬೆಳಿಗ್ಗೆ ಏಳರವರೆಗೆ ನಡೆಯುವ ಯಾವುದೇ ಲಾಗಿನ್ ಅನುಮಾನಾಸ್ಪದ ಎಂಬುದೊಂದಿತ್ತು. ನಗರದ ಕಚೇರಿಗೆ ಅದು ಸರಿಯೇ. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮಲ್ಲಿ ರಾತ್ರಿ ಎರಡು ಗಂಟೆಗೂ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತವೆ, ಮೂರು ಪಾಳಿಯಲ್ಲೂ ಕಬ್ಬಿನ ಗಾಡಿ ತೂಗುವ ವೇಬ್ರಿಜ್‌ನ ನೌಕರರು ಲಾಗಿನ್ ಆಗುತ್ತಾರೆ. ಹಂಗಾಮು ಆರಂಭವಾದ ಮೊದಲ ರಾತ್ರಿಯೇ ಅಲರ್ಟುಗಳು ನೂರಾರು ಬಂದವು. ಬೇಸಿಗೆಯಲ್ಲಿ ಕಾರ್ಖಾನೆ ನಿಂತು ಯಂತ್ರಗಳ ದುರಸ್ತಿ ನಡೆಯುವಾಗ ಮಾತ್ರ ಅದೇ ನಿಯಮ ಚಿನ್ನದಂಥದ್ದು, ಏಕೆಂದರೆ ಆಗ ನಡುರಾತ್ರಿ ವೇಬ್ರಿಜ್‌ನ ಖಾತೆಯಿಂದ ಲಾಗಿನ್ ಆಗಲು ಯಾರಿಗೂ ಕಾರಣವಿರುವುದಿಲ್ಲ. ಪತ್ತಿನ ಸಂಘಗಳಲ್ಲಿ ಮಾರ್ಚ್ 31ರ ಆಸುಪಾಸಿನಲ್ಲಿ ಲೆಕ್ಕ ಮುಗಿಸಲು ಸಿಬ್ಬಂದಿ ಹೊತ್ತು ಮೀರಿ ಕೂರುವುದೂ ಹೀಗೆಯೇ. ಹಂಗಾಮು ಯಾವಾಗ ಶುರು, ಯಾವಾಗ ಮುಕ್ತಾಯ ಎಂಬುದನ್ನು ಅರಿತ ನಿಯಮವನ್ನು ದೂರದ ಊರಿನಲ್ಲಿ ಕುಳಿತವರು ಬರೆಯಲಾರರು. ಅವರನ್ನು ದೂರಿಯೂ ಪ್ರಯೋಜನವಿಲ್ಲ.

ಇನ್ನು ನನ್ನಿಂದಲೇ ಆದ ತಪ್ಪೊಂದನ್ನು ಹೇಳುತ್ತೇನೆ. ವೇಬ್ರಿಜ್‌ನ ಒಂದು ಕಂಪ್ಯೂಟರಿನಲ್ಲಿ ವರದಿ ಕಳುಹಿಸುವ ಹಳೆಯ ಪ್ರೋಗ್ರಾಮ್ ಒಂದಿತ್ತು. ಅದು ಬಳಸುತ್ತಿದ್ದ ಖಾತೆಯ ಪಾಸ್‌ವರ್ಡನ್ನು ನಾವು ಬದಲಿಸಿದೆವು, ಆದರೆ ಪ್ರೋಗ್ರಾಮಿನೊಳಗೆ ಉಳಿದಿದ್ದ ಹಳೆಯ ಪಾಸ್‌ವರ್ಡನ್ನು ಬದಲಿಸಲು ಮರೆತೆವು. ನಿಮಿಷಕ್ಕೊಮ್ಮೆ ಅದು ಸರ್ವರ್‌ನ ಬಾಗಿಲು ತಟ್ಟುವುದು, ಸರ್ವರ್ ನಿರಾಕರಿಸುವುದು, ನನ್ನ ಫೋನಿಗೆ ಅಲರ್ಟ್ ಬರುವುದು ನಡೆದೇ ಇತ್ತು. ಮೂರನೆಯ ದಿನ ಬೇಸತ್ತು, ಆ ಕಂಪ್ಯೂಟರಿನಿಂದ ಬರುವ ವಿಫಲ ಲಾಗಿನ್‌ಗಳನ್ನೆಲ್ಲ ಕಡೆಗಣಿಸು ಎಂದು ನಿಯಮಕ್ಕೆ ವಿನಾಯಿತಿ ಸೇರಿಸಿ ನೆಮ್ಮದಿಯಾಗಿ ಮಲಗಿದೆ. ಕೆಲವು ತಿಂಗಳ ನಂತರ ಅದೇ ಕಂಪ್ಯೂಟರಿಗೆ, ದೂರದಿಂದಲೇ ಅದನ್ನು ನಡೆಸಬಲ್ಲ ರಿಮೋಟ್ ಸಾಫ್ಟ್‌ವೇರ್ ಮೂಲಕ ಹೊರಗಿನವರು ಯಾರೋ ನುಸುಳಿ, ಅಲ್ಲಿಂದ ಪೂರ್ಣ ಅಧಿಕಾರವಿರುವ ಅಡ್ಮಿನ್ ಖಾತೆಯ ಪಾಸ್‌ವರ್ಡನ್ನು ರಾತ್ರಿಯಿಡೀ ಊಹಿಸಿದ್ದರು. ಲಾಗ್‌ನಲ್ಲಿ ಪ್ರತಿಯೊಂದು ಪ್ರಯತ್ನವೂ ದಾಖಲಾಗಿತ್ತು. ನನಗೆ ಮಾತ್ರ ಒಂದು ಸುದ್ದಿಯೂ ಬರಲಿಲ್ಲ. ಹೊಸ ಖಾತೆ ತೆರೆದರೆ ತಿಳಿಸುವ 4720ರ ನಿಯಮಕ್ಕೆ ನಾನು ಕೈ ಹಚ್ಚಿರಲಿಲ್ಲವಾದ್ದರಿಂದ, ಅವರು ಒಳಬಂದು ತಮಗೊಂದು ಖಾತೆ ಮಾಡಿಕೊಂಡ ಕ್ಷಣ ಅದು ಕೂಗಿತು, ನಾವು ನೆಟ್‌ವರ್ಕ್ ಕಿತ್ತೆವು.

ನಾನು ಮಾಡಬೇಕಾಗಿದ್ದ ಕೆಲಸ ಸುಲಭದ್ದೇ ಆಗಿತ್ತು. ಮೊದಲು ಆ ಪ್ರೋಗ್ರಾಮಿನ ಪಾಸ್‌ವರ್ಡ್ ಸರಿಪಡಿಸಬೇಕಿತ್ತು. ಅದು ಆಗುವವರೆಗೆ ವಿನಾಯಿತಿ ಬೇಕೇ ಬೇಕೆಂದಿದ್ದರೆ, ಇಂಥ ಕಂಪ್ಯೂಟರಿನಿಂದ ಇಂಥ ಒಂದೇ ಖಾತೆಗೆ, ಇಂಥ ದಿನಾಂಕದವರೆಗೆ ಮಾತ್ರ ಎಂದು ಇಕ್ಕಟ್ಟಾಗಿ ಬರೆಯಬೇಕಿತ್ತು. ಅಲರ್ಟ್ ಹೆಚ್ಚಾದಾಗ ವಿನಾಯಿತಿಯನ್ನು ಅಗಲಿಸುವುದು ನಮ್ಮ ವೃತ್ತಿಯವರೆಲ್ಲರ ಚಾಳಿ, ಮತ್ತು ವಿನಾಯಿತಿಗಳ ಪಟ್ಟಿಯನ್ನು ಮತ್ತೆ ತೆಗೆದು ನೋಡುವವರು ಇರುವುದೇ ಇಲ್ಲ.

ಪಾಸ್‌ವರ್ಡ್ ಊಹಿಸುವ ಇನ್ನೊಂದು ಬಗೆಯೂ ಉಂಟು. ಒಂದೇ ಖಾತೆಗೆ ನೂರು ಪಾಸ್‌ವರ್ಡ್ ಪ್ರಯತ್ನಿಸುವ ಬದಲು ಒಂದೇ ಪಾಸ್‌ವರ್ಡನ್ನು ನೂರು ಖಾತೆಗಳ ಮೇಲೆ ಪ್ರಯತ್ನಿಸುತ್ತಾರೆ. ಖಾತೆವಾರು ಎಣಿಸುವ ನಿಯಮಕ್ಕೆ ಇದು ಕಾಣುವುದೇ ಇಲ್ಲ. ಒಂದು ಕಂಪ್ಯೂಟರ್ ಎಷ್ಟು ಬೇರೆ ಬೇರೆ ಖಾತೆಗಳನ್ನು ತಟ್ಟಿತು ಎಂದು ಎಣಿಸುವ ನಿಯಮ ಪ್ರತ್ಯೇಕವಾಗಿ ಬೇಕು.

ಲಾಗ್‌ಗಳು ಅದೇ ಸರ್ವರ್‌ನಲ್ಲಿ ಉಳಿದರೆ ಒಳಬಂದವನು ಅವುಗಳನ್ನು ಅಳಿಸಿಯೇ ಹೋಗುತ್ತಾನೆ. ಆದ್ದರಿಂದ ಅವು ಕೂಡಲೇ ಬೇರೊಂದು ಯಂತ್ರಕ್ಕೆ ಹೋಗಿ ಸೇರಬೇಕು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು, ಸರ್ವರ್‌ಗಳ ಗಡಿಯಾರಗಳನ್ನು ನಿಗದಿತ ಸಮಯ ಸೇವೆಯೊಂದಿಗೆ ಹೊಂದಿಸಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಗಡಿಯಾರದ ಮಾತು ಸಣ್ಣದೆಂದು ತೋರಬಹುದು. ಎರಡು ಸರ್ವರ್‌ಗಳ ನಡುವೆ ಏಳೆಂಟು ನಿಮಿಷದ ಅಂತರವಿದ್ದರೆ ‘ಇದಾದ ಮೇಲೆ ಅದು’ ಎಂದು ಹೇಳುವ ನಿಯಮಗಳೆಲ್ಲ ತಲೆಕೆಳಗಾಗುತ್ತವೆ.

ಮಹಾನಗರಗಳ ಮಾತಿದು, ನಮ್ಮಂಥವರಿಗೇಕೆ ಎಂದು ನಿರ್ದೇಶಕರೊಬ್ಬರು ಕೇಳಿದ್ದುಂಟು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಮೂರು ದಿನಗಳೊಳಗೆ ಹೊರಹೋಯಿತು. ಅದೂ ಸಹಕಾರಿ ಬ್ಯಾಂಕೇ. 2024ರ ಜುಲೈ ಕೊನೆಯಲ್ಲಿ ಒಂದು ತಾಂತ್ರಿಕ ಸೇವಾ ಕಂಪನಿಯ ಮೇಲೆ ನಡೆದ, ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ರ‍್ಯಾನ್‌ಸಮ್‌ವೇರ್ ದಾಳಿಯಿಂದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತಿತ್ತು. ಅವುಗಳಲ್ಲಿ ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು.

ಹೀಗಾಗಿ ಆಡಳಿತ ಮಂಡಳಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಭದ್ರತಾ ತಂತ್ರಾಂಶದ ಟೆಂಡರ್ ಕರೆಯುವಾಗ, ಒದಗಿಸುವ ಪ್ರತಿ ನಿಯಮದ ಜೊತೆಗೂ ಅದು ಏನನ್ನು ಹುಡುಕುತ್ತದೆ, ಯಾವಾಗ ಸುಳ್ಳು ಅಲರ್ಟ್ ಕೊಡಬಹುದು, ಅಲರ್ಟ್ ಬಂದರೆ ಮೊದಲು ಏನು ನೋಡಬೇಕು, ಭಾನುವಾರ ನಡುರಾತ್ರಿಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಡುವುದನ್ನು ಷರತ್ತಾಗಿ ಸೇರಿಸಬೇಕು. ರಾತ್ರಿ ಪಾಳಿಯಲ್ಲಿ ಪರದೆಯ ಮುಂದಿರುವ ಹುಡುಗನಿಗೆ ಇಂಗ್ಲಿಷಿನ ನಾಲ್ಕು ಸಾಲು ಅರ್ಥವಾಗದೆ ಬೆಳಗಾಗುವವರೆಗೆ ಕಾದರೆ, ಆ 6 ಗಂಟೆ ಅಲ್ಲಿಗೇ ಮುಗಿಯಿತು. ಹೊಸ ನಿಯಮವನ್ನು ಕನಿಷ್ಠ ಒಂದು ತಿಂಗಳು ಮೌನವಾಗಿ ಓಡಿಸಿ, ಎಷ್ಟು ಬಾರಿ ಸುಮ್ಮನೆ ಕೂಗುತ್ತದೆ ಎಂದು ನೋಡಿದ ಮೇಲಷ್ಟೇ ಫೋನಿಗೆ ಜೋಡಿಸಬೇಕು. ಮೂರು ತಿಂಗಳಿಗೊಮ್ಮೆ ನಾವೇ ಒಂದು ಪರೀಕ್ಷಾ ಖಾತೆ ತೆರೆದು, ತಪ್ಪು ಪಾಸ್‌ವರ್ಡ್ ಹಾಕಿ, ಅಲರ್ಟ್ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ತಂತ್ರಾಂಶದ ಅಪ್‌ಡೇಟ್ ಆದಾಗ ಲಾಗ್‌ನ ಒಂದು ಕಾಲಂ ಹೆಸರು ಬದಲಾದರೂ ಸಾಕು, ನಿಯಮ ಸದ್ದಿಲ್ಲದೆ ಕೆಟ್ಟಿರುತ್ತದೆ. ಅಲರ್ಟ್ ಬಾರದಿರುವುದನ್ನು ನಾವು ಕ್ಷೇಮವೆಂದು ತಿಳಿದು ಕುಳಿತಿರುತ್ತೇವೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ಇದೆ, ಬಾಗಲಕೋಟೆ ಮತ್ತು ವಿಜಯಪುರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೆಲಸವನ್ನು ಹತ್ತಿರದ ಒಂದು ಕಾರ್ಖಾನೆ ಅಥವಾ ಸಂಘಕ್ಕೆ ಜೋಡಿಸಿ, ಹೆಸರುಗಳನ್ನು ತೆಗೆದ ಲಾಗ್‌ಗಳನ್ನು ಅವರ ಕೈಗಿತ್ತು, ಆ ಸಂಸ್ಥೆಗೆ ಹೊಂದುವ ಹತ್ತು ನಿಯಮ ಬರೆಸಿದರೆ ಎರಡೂ ಕಡೆಗೆ ಲಾಭ. ಮುಂದಿನ ಹಂಗಾಮಿಗೆ ನಮ್ಮಲ್ಲಿ ಇದನ್ನು ಆರಂಭಿಸಬೇಕೆಂದು ವ್ಯವಸ್ಥಾಪಕರಿಗೆ ಮನವಿ ಕೊಟ್ಟಿದ್ದೇನೆ. ಬೇರೆ ಕಾರ್ಖಾನೆಗಳ ಸಿಬ್ಬಂದಿಯೂ ತಮ್ಮಲ್ಲಿ ಕೇಳಲಿ ಎಂಬ ಕಾರಣಕ್ಕೆ ಈ ಪತ್ರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸರ್ವರ್ ನಿರ್ವಹಣಾ ನೌಕರ
ಮುಧೋಳ, ಬಾಗಲಕೋಟೆ ಜಿಲ್ಲೆ