ಕಾಫಿ ತೂಕದ ಚೀಟಿಗೆ ಬಾಳುವ ಕಾಗದ ಬೇಕು

ಮಾನ್ಯ ಸಂಪಾದಕರೇ,

ಕಳೆದ ಜುಲೈಯಲ್ಲಿ ಕಾಫಿಯ ಬೆಲೆ ವಿಚಾರಿಸಲು ಗೋಣಿಕೊಪ್ಪಲಿಗೆ ಹೋದವನು ಮಳೆಯಲ್ಲಿ ಪೂರ್ತಿ ತೋಯ್ದು ಮನೆಗೆ ಬಂದೆ. ಅಂಗಿಯ ಜೇಬಿನಲ್ಲಿ ಐನೂರರ ಒಂದು ನೋಟು, ವ್ಯಾಪಾರಿ ಮಾರ್ಚ್‌ನಲ್ಲಿ ಕೊಟ್ಟಿದ್ದ ತೂಕದ ಚೀಟಿ ಇದ್ದವು. ಎರಡನ್ನೂ ಬಿಡಿಸಿ, ಒಲೆಯ ಮೇಲೆ ಕುದಿಯುತ್ತಿದ್ದ ಹಂಡೆಯ ಮುಚ್ಚಳದ ಮೇಲೆ ಹರಡಿದೆ. ನೋಟು ಒಣಗಿ ಗರಿಗರಿಯಾಯಿತು. ಚೀಟಿ ಮಾತ್ರ ನೀರು ಆರುತ್ತಿದ್ದಂತೆ ಅಂಚಿನಿಂದ ಬೂದುಬಣ್ಣಕ್ಕೆ ತಿರುಗಿ, ನೋಡನೋಡುತ್ತಲೇ ಕಪ್ಪಾಯಿತು. ಹದಿನಾಲ್ಕು ಚೀಲ ಚೆರ್ರಿಯ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ) ತೂಕ, ತೇವಾಂಶ, ಔಟ್‌ಟರ್ನ್ (ಅದರಿಂದ ಸಿಗುವ ಬೀಜದ ಪ್ರಮಾಣ) ಎಲ್ಲವೂ ಆ ಕಪ್ಪಿನೊಳಗೆ ಮುಳುಗಿದವು.

ಮೂವತ್ತೈದು ವರ್ಷ ವಿರಾಜಪೇಟೆಯಲ್ಲಿ ಕ್ರಯಪತ್ರ, ಕರಾರುಪತ್ರ ಬರೆದುಕೊಡುವ ಪತ್ರ ಬರಹಗಾರನಾಗಿದ್ದೆ. ಯಾವ ಬರಹಕ್ಕೆ ಯಾವ ಕಾಗದ ಎಂಬುದನ್ನು ಕೈಬೆರಳಿನಿಂದಲೇ ಕಲಿತವನು ನಾನು. ಹಾಗಾಗಿ ಈ ಪತ್ರ.

ನೋಟಿನ ಕಾಗದಕ್ಕೆ ಹತ್ತಿಯ ನಾರು ಬೇಕು. ಆ ನಾರು ಉದ್ದ, ಗಟ್ಟಿ, ನೆನೆದರೂ ಬಿಡಿಬಿಡಿಯಾಗುವುದಿಲ್ಲ. ಅಂಥ ಕಾಗದ ತಯಾರಿಸುವ ಕಾರ್ಖಾನೆ ನಮ್ಮ ನೆರೆಯ ಮೈಸೂರಿನಲ್ಲೇ ಇದೆ. ಸುದ್ದಿಪತ್ರಿಕೆಯ ಕಾಗದದ ದಾರಿ ಬೇರೆ: ಮರವನ್ನು ಅರೆದ ತಿರುಳು ಅಥವಾ ಹಳೆಯ ಕಾಗದವೇ ಅದರ ಮೂಲ. ಅರೆದ ತಿರುಳಿನಲ್ಲಿ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟುವಸ್ತು ಉಳಿದುಬಿಡುವುದರಿಂದ ಬಿಸಿಲು ತಾಗಿದರೆ ಹಳದಿಯಾಗುತ್ತದೆ. ಒಂದು ದಿನದ ಓದಿಗೆ ಅದು ಸಾಕು, ಬೆಲೆಯೂ ಕಡಿಮೆ. ಪತ್ರ ಬರೆಯುವ ಬಾಂಡ್ ಕಾಗದವಾದರೆ ಮರ ಅಥವಾ ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಬೇಯಿಸಿ, ಲಿಗ್ನಿನ್ ತೆಗೆದು ಮಾಡಿದ್ದು. ಶಾಯಿ ಹರಡದಂತೆ ಮೇಲೆ ಗಂಜಿಯ ಲೇಪವೂ ಇರುತ್ತದೆ. ನಮ್ಮ ತಂದೆಯವರ 1961ರ ಕ್ರಯಪತ್ರ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಅರವತ್ತು ಮಳೆಗಾಲದ ಥಂಡಿ ಕುಡಿದಿದೆ, ಅಂಚಿನಲ್ಲಿ ಹುಳು ತಿಂದ ತೂತುಗಳಿವೆ, ಆದರೂ ಒಂದಕ್ಷರ ಮಾಸಿಲ್ಲ.

ಇನ್ನು ನಮ್ಮ ತೂಕದ ಚೀಟಿ. ಅದಕ್ಕೆ ಶಾಯಿಯೇ ಇಲ್ಲ. ಅದು ಥರ್ಮಲ್ ಕಾಗದ; ಅದರ ಮೇಲ್ಮೈಯಲ್ಲಿ ಬಣ್ಣವಿಲ್ಲದ ರಾಸಾಯನಿಕದ ತೆಳು ಲೇಪವಿದೆ; ಯಂತ್ರದ ಬಿಸಿ ತಾಗಿದ ಕಡೆ ಅದು ಕರಗಿ ಕಪ್ಪಾಗುತ್ತದೆ. ಉಗುರಿನಿಂದ ಜೋರಾಗಿ ಗೀರಿ ನೋಡಿ, ಆ ಉಜ್ಜಿದ ಬಿಸಿಗೇ ಕರಿಗೆರೆ ಮೂಡುತ್ತದೆ. ಜೋಪಾನವಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದರೆ ಇಡೀ ಚೀಟಿ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಅಕ್ಷರಗಳೇ ಮಾಯವಾಗುವುದುಂಟು. ಬಿಸಿಲು, ಎಣ್ಣೆಗೈ, ತೇವ ಯಾವುದೂ ಅದಕ್ಕೆ ಆಗದು. ಬಸ್ ಟಿಕೆಟ್‌ಗೆ ಸರಿ, ಇಳಿದ ಮೇಲೆ ಅದರ ಕೆಲಸ ಮುಗಿಯಿತು.

ಆದರೆ ಕೊಡಗಿನ ಸಣ್ಣ ಬೆಳೆಗಾರರಲ್ಲಿ ಎಷ್ಟೋ ಮಂದಿ ಮಾರ್ಚ್‌ನಲ್ಲಿ ಕಾಫಿಯನ್ನು ವ್ಯಾಪಾರಿಯ ಗೋದಾಮಿಗೆ ಇಳಿಸಿ, ಬೆಲೆ ಏರಲಿ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಅಷ್ಟು ದಿನ ಆ ಕಾಫಿ ತಮ್ಮದು ಎನ್ನಲು ಅವರ ಕೈಯಲ್ಲಿರುವುದು ಈ ಚೀಟಿ ಒಂದೇ. ನಡುವೆ ಇಡೀ ಮಳೆಗಾಲ ಬೇರೆ. ನನ್ನ ವ್ಯಾಪಾರಿ ಸಜ್ಜನರು, ಅವರ ಕಂಪ್ಯೂಟರಿನಲ್ಲಿ ಲೆಕ್ಕವಿತ್ತು, ಹಣ ಪೂರ್ತಿ ಬಂತು. ಆದರೆ ಆ ದಿನ ಅವರ ಮಾತೇ ನನಗೆ ದಾಖಲೆಯಾಗಿತ್ತು. ವರ್ಷದ ದುಡಿಮೆಯೆಲ್ಲ ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಕಾಫಿ, ಕರಿಮೆಣಸಿನ ತೂಕದ ಚೀಟಿಯನ್ನು ಸಾಮಾನ್ಯ ಬಿಳಿ ಕಾಗದದಲ್ಲಿ, ಶಾಯಿಯಲ್ಲಿ ಮುದ್ರಿಸಿ, ಸಹಿ ಹಾಕಿ ಕೊಡಿ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಯಂತ್ರವಾದರೂ ಆದೀತು, ಕಾರ್ಬನ್ ಇಟ್ಟು ಕೈಯಲ್ಲಿ ಬರೆದ ರಸೀದಿಯಾದರೂ ಆದೀತು. ಕಾಫಿ ಮಂಡಳಿ ಈ ಬಗ್ಗೆ ವ್ಯಾಪಾರಿಗಳಿಗೆ ಒಂದು ಸೂಚನೆ ಕೊಟ್ಟರೆ ಉಪಕಾರವಾಗುತ್ತದೆ. ಅಲ್ಲಿಯವರೆಗೆ ಬೆಳೆಗಾರ ಬಂಧುಗಳು ಚೀಟಿ ಸಿಕ್ಕ ದಿನವೇ, ಪೇಟೆ ಬಿಡುವ ಮೊದಲೇ, ಅದರ ಜೆರಾಕ್ಸ್ ತೆಗೆಸಿ ಅದರ ಮೇಲೆ ವ್ಯಾಪಾರಿಯ ಸಹಿ ಪಡೆದುಕೊಳ್ಳಿ.

– ನಿವೃತ್ತ ಪತ್ರ ಬರಹಗಾರ, ಪೊನ್ನಂಪೇಟೆ ತಾಲ್ಲೂಕು, ಕೊಡಗು