ಬೀದಿನಾಯಿಗಳ ಕುರಿತು ಪೌರಾಡಳಿತ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾಯಿ ಕಚ್ಚಿದ ಸುದ್ದಿ ಬಂದಾಗಲೆಲ್ಲ ‘ವಿದೇಶದಲ್ಲಿ ಬೀದಿನಾಯಿಯೇ ಇಲ್ಲ, ನಮ್ಮಲ್ಲೂ ಎಲ್ಲವನ್ನೂ ಹಿಡಿದು ಊರಾಚೆ ಸಾಗಿಸಿ’ ಎಂಬ ಒತ್ತಾಯ ತಮ್ಮ ಕಚೇರಿಗೂ ಬರುತ್ತದೆ. ಮಕ್ಕಳು ಶಾಲೆಗೆ ಹೆದರಿಕೊಂಡು ಹೋಗುವ ಊರಿನ ಜನ ಹಾಗೆ ಕೇಳುವುದು ಸಹಜ. ಆದರೆ ಆ ದೇಶಗಳಲ್ಲಿ ಬೀದಿ ಖಾಲಿಯಾಗಿರುವುದು ಹಿಡಿಯುವುದೊಂದರಿಂದಲೇ ಅಲ್ಲ.

ಅಲ್ಲಿ ನಾಯಿಗಳಿಗೇನೂ ಬರವಿಲ್ಲ. ಬಹುಪಾಲು ನಾಯಿಗಳಿಗೆ ವಾರಸುದಾರರಿದ್ದಾರೆ, ಅಷ್ಟೇ. ಇಂಗ್ಲೆಂಡಿನಲ್ಲಿ 2016ರಿಂದ ಸಾಕುನಾಯಿಗೆ ಮೈಕ್ರೋಚಿಪ್ (ಚರ್ಮದಡಿ ಕೂರಿಸುವ ಗುರುತಿನ ಚಿಪ್) ಕಡ್ಡಾಯ. ಹೊರಗೆ ಕರೆತಂದರೆ ಕೊರಳಪಟ್ಟಿಯಲ್ಲಿ ಮಾಲೀಕರ ಹೆಸರು, ವಿಳಾಸ ಇರಬೇಕು. ತಪ್ಪಿಸಿಕೊಂಡ ನಾಯಿಯನ್ನು ಸ್ಥಳೀಯ ಆಡಳಿತ ಏಳು ದಿನ ಇಟ್ಟುಕೊಳ್ಳುತ್ತದೆ. ಯಾರೂ ಬಾರದಿದ್ದರೆ ದತ್ತು ಕೊಡಬಹುದು, ದಯಾಮರಣಕ್ಕೂ ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಜರ್ಮನಿಯಲ್ಲಿ ನಾಯಿ ಸಾಕುವವರು ಊರಿನ ಆಡಳಿತಕ್ಕೆ ತೆರಿಗೆ ಕಟ್ಟುತ್ತಾರೆ. ಮನೆಗಳ ಕಸ ಮುಚ್ಚಳದ ಡಬ್ಬಿಯಲ್ಲಿರುತ್ತದೆ; ಬೀದಿಗೆ ಬಿದ್ದ ನಾಯಿಗೆ ತಿನ್ನಲು ಸಿಗುವುದು ಬಹಳ ಕಡಿಮೆ.

ನಮ್ಮಲ್ಲಿ ಕೋಳಿ ಅಂಗಡಿಯ ಕರುಳು, ಹೋಟೆಲಿನ ಎಂಜಲು ಒಂದೇ ಮೂಲೆಯಲ್ಲಿ ಬೀಳುತ್ತವೆ. ಅಲ್ಲಿದ್ದ ನಾಯಿಗಳನ್ನು ಸಾಗಿಸಿದರೂ ತಿನಿಸು ಉಳಿದಿರುವುದರಿಂದ ಪಕ್ಕದ ಬೀದಿಯವು ಬಂದು ಸೇರುತ್ತವೆ. ಹೊಸದಾಗಿ ಬಂದವಕ್ಕೆ ಲಸಿಕೆಯೂ ಆಗಿರುವುದಿಲ್ಲ, ಸಂತಾನಹರಣವೂ ಆಗಿರುವುದಿಲ್ಲ.

ಹೆಣ್ಣುನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗರ್ಭ 63 ದಿನದ ಆಸುಪಾಸು. ಹೀಗಾಗಿ ನಿಧಾನವಾಗಿ, ಅಲ್ಲೊಂದು ಇಲ್ಲೊಂದು ಆಪರೇಷನ್ ಮಾಡಿದರೆ ಉಪಯೋಗವಿಲ್ಲ. ಗುತ್ತಿಗೆದಾರರಿಗೆ ತಲೆಗಿಷ್ಟು ಎಂದು ಹಣ ಕೊಟ್ಟಾಗ ಏನಾಗುತ್ತದೆ ನೋಡಿ: ಬಿಸ್ಕತ್ತಿಗೆ ಬರುವ ಸಾಧು ನಾಯಿಗಳು ಬಲೆಗೆ ಬೀಳುತ್ತವೆ, ಚರಂಡಿ ಮೋರಿಯೊಳಗೆ ಅಡಗುವ ಹೆಣ್ಣುನಾಯಿ ಉಳಿದುಬಿಡುತ್ತದೆ. ಮರುವರ್ಷ ಆ ಬೀದಿಯನ್ನು ಮತ್ತೆ ತುಂಬಿಸುವುದು ಅದೇ. ಅಂಥ ನಾಯಿ ಹತ್ತಿರ ಬರುವುದು ದಿನಾ ಅನ್ನ ಹಾಕುವವರಿಗೆ ಮಾತ್ರ. ಅವರನ್ನು ಬೈದು ದೂರವಿಡದೆ, ಬಲೆಯವರು ಬರುವ ಹಿಂದಿನ ದಿನವೇ ತಿಳಿಸಿ ಜೊತೆಗೆ ಕರೆದುಕೊಳ್ಳಬೇಕು. ಅರಿವಳಿಕೆಗೆ ಮುನ್ನ ಹೊಟ್ಟೆ ಖಾಲಿ ಇರಬೇಕಾದ್ದರಿಂದ ಆ ರಾತ್ರಿ ಊಟ ನಿಲ್ಲಿಸುವುದೂ ಅವರಿಂದಲೇ ಸಾಧ್ಯ.

ಹಿಡಿದ ಗಳಿಗೆಯಲ್ಲೇ ಕೊರಳಿಗೆ ನಂಬರ್ ಬಿಲ್ಲೆ ಕಟ್ಟಿ, ಜಾಗದ ಫೋಟೊ ತೆಗೆಯಬೇಕು. ಈ ಸಣ್ಣ ಕೆಲಸ ತಪ್ಪಿದರೆ ವ್ಯಾನಿನಲ್ಲಿ ಎರಡು ಬೀದಿಯ ನಾಯಿಗಳು ಬೆರೆತುಹೋಗುತ್ತವೆ. ಬೇರೆ ಬೀದಿಯಲ್ಲಿ ಇಳಿಸಿದ ನಾಯಿಯ ಮೇಲೆ ಅಲ್ಲಿನ ಗುಂಪು ಎರಗುತ್ತದೆ, ಹೊಲಿಗೆ ಬಿಚ್ಚಿಕೊಳ್ಳುತ್ತದೆ, ದಿಕ್ಕು ತಪ್ಪಿ ಗಾಬರಿಯಾದ ನಾಯಿ ಜನರನ್ನು ಕಚ್ಚುತ್ತದೆ. ಆಪರೇಷನ್ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕೆಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವುದರಲ್ಲಿ ಅರ್ಥವಿದೆ. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣಗಳಿಂದ ಹಿಡಿದವನ್ನು ಮರಳಿ ಅಲ್ಲಿಗೇ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಅವುಗಳಿಗೆ ಆಶ್ರಯತಾಣ ಸಿದ್ಧವಾಗದೆ ಹಿಡಿಯಲು ಹೊರಡುವುದು ಬೇಡ.

ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೆಂಗಳೂರೇ ಇದೆ. 2019ರ ಗಣತಿಯಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು; ಅದೇ ಅವಧಿಯಲ್ಲಿ ಸಂತಾನಹರಣವಾದವುಗಳ ಪಾಲು ಶೇ 51ರಿಂದ ಸುಮಾರು ಶೇ 72ಕ್ಕೆ ಏರಿತ್ತು. ನೆರೆಯ ಭೂತಾನ್ 2009ರಲ್ಲಿ ಆರಂಭಿಸಿದ ಸಂತಾನಹರಣದ ಕೆಲಸವನ್ನು ಮುಗಿಸಿದ್ದು 2023ರಲ್ಲಿ. ಇದು ಒಂದು ಬಜೆಟ್ಟಿನಲ್ಲಿ ಮುಗಿಯುವ ಕೆಲಸವಲ್ಲ ಎಂದು ಜನರಿಗೆ ತಾವೇ ಹೇಳಬೇಕು.

ರೇಬೀಸ್ ತಡೆಗೆ ಕನಿಷ್ಠ ಶೇ 70 ನಾಯಿಗಳಿಗೆ ಲಸಿಕೆ ಬೇಕು. ಇದನ್ನು ಪರೀಕ್ಷಿಸುವುದು ಸುಲಭ: ಲಸಿಕೆ ಹಾಕಿದ ನಾಯಿಗೆ ಬಣ್ಣ ಹಚ್ಚಿ, ಮರುದಿನ ಬೆಳಿಗ್ಗೆ ಅದೇ ಬೀದಿಗಳಲ್ಲಿ ನಡೆದು ಎಣಿಸುವುದು. ಕಂಡ ಹತ್ತರಲ್ಲಿ ಕನಿಷ್ಠ ಏಳಕ್ಕಾದರೂ ಬಣ್ಣ ಕಾಣದಿದ್ದರೆ ತಂಡ ಆ ವಾರ್ಡ್ ಬಿಟ್ಟು ಕದಲಬಾರದು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಪುರಸಭೆ, ನಗರಸಭೆಗಳ ಮುಂದಿನ ಟೆಂಡರಿನಲ್ಲಿ ತಲೆಲೆಕ್ಕ ಕೈಬಿಟ್ಟು, ವಾರ್ಡ್ ಪೂರ್ತಿಯಾದಾಗ ಮಾತ್ರ ಬಿಲ್ ಪಾವತಿ ಎಂಬ ಷರತ್ತು ಹಾಕಿಸಿ. ಎಣಿಕೆಯನ್ನು ಗುತ್ತಿಗೆದಾರರಲ್ಲದ ಬೇರೆಯವರು ಮಾಡಲಿ. ಸಾಕುನಾಯಿ ನೋಂದಣಿಯನ್ನೂ ಇದರ ಜೊತೆಗೇ ಆರಂಭಿಸಿ. ಮನೆಯಲ್ಲಿ ಹುಟ್ಟಿದ ಹೆಣ್ಣುಮರಿಗಳನ್ನು ಚೀಲದಲ್ಲಿ ತಂದು ಮಾರುಕಟ್ಟೆ ಬಳಿ ಬಿಡುವುದು ನಿಲ್ಲದೆ ಬೀದಿಯ ಲೆಕ್ಕ ಇಳಿಯುವುದಿಲ್ಲ.

ಇಂತಿ,
ತಮ್ಮ ವಿಶ್ವಾಸಿಗಳು